ಬಾಸ್‌ಗೆ ಗಾಳ: ಮರದ ಮೀನೋ, ಪ್ಲಾಸ್ಟಿಕ್ ಮೀನೋ?

2019ರ ಬೇಸಿಗೆಯಲ್ಲಿ ಅಮೆರಿಕಾದಲ್ಲಿರುವ ಮಗಳ ಮನೆಗೆ ಹೋಗಿ ಬಂದು ಕೆಲಸಕ್ಕೆ ಹಾಜರಾದ ಮೊದಲ ದಿನ, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಶಾಖೆಯ ಗೆಳೆಯರು ಕೇಳಿದರು, "ಅಲ್ಲಿ ಏನೇನು ಮಾಡಿದಿರಿ?" ನಾನು ಇದ್ದದ್ದನ್ನೇ ಹೇಳಿದೆ: "ಗಾಳ ಹಾಕಿ ಒಂದು ಬಾಸ್ ಹಿಡಿದೆ." ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಬಿದ್ದು ಬಿದ್ದು ನಕ್ಕರು. ಸುಮಾರು ಮೂವತ್ತು ವರ್ಷ ಇಲ್ಲಿ ಎಷ್ಟೋ ಬಾಸ್‌ಗಳ ಕೈಕೆಳಗೆ ದುಡಿದರೂ ಗುಮಾಸ್ತನಾಗಿಯೇ ಉಳಿದವನು, ಅಲ್ಲಿ ಹೋಗಿ ಬಾಸ್‌ನ್ನೇ ಹಿಡಿದು ಬಂದನಲ್ಲ ಎಂದು. ಅವರಿಗೆ ಅದು ಮೀನಿನ ಹೆಸರು ಎಂದು ತಿಳಿಸಿ ಹೇಳುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು.

ಮೊನ್ನೆ ನಮ್ಮ ಕನ್ನಡ ಸಂಘದ ಸಭೆಯ ನಂತರ ಚಹಾ ಕುಡಿಯುತ್ತಿದ್ದಾಗ ಈ ವಿಷಯ ಮತ್ತೆ ಬಂತು. ನಾನು ಅಲ್ಲಿಂದ ತಂದ ಎರಡು ಆಟದ ಸಾಮಾನಿನಂಥ ಮೀನುಗಳನ್ನು, ಒಂದು ಮರದ್ದು, ಒಂದು ಪ್ಲಾಸ್ಟಿಕ್‌ನದ್ದು, ಸದಸ್ಯರಿಗೆ ತೋರಿಸಿದೆ. "ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ" ಎಂದು ಕಾರ್ಯದರ್ಶಿಯವರು ಅಪ್ಪಣೆ ಮಾಡಿದರು. ಅದರ ಫಲ ಈ ಬರಹ.

ಮೊದಲು ಮೀನಿನ ಪರಿಚಯ. ಬಾಸ್ ಅಮೆರಿಕಾದ ಕೆರೆ-ಹೊಳೆಗಳ ಸಿಹಿನೀರಿನ ಮೀನು. ಅದರಲ್ಲಿ ಲಾರ್ಜ್‌ಮೌತ್ ಬಾಸ್ ಎಂಬುದಕ್ಕೇ ಹೆಚ್ಚು ಹೆಸರು. ಹೆಸರಿಗೆ ತಕ್ಕಂತೆ ಬಾಯಿ ಅಗಲ, ದವಡೆ ಕಣ್ಣಿನ ಆಚೆಯವರೆಗೂ ಚಾಚಿರುತ್ತದೆ. ಹಸಿರು ಮೈ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ. ಮುಂಬಯಿ ಕಡೆ ಜಿತಾಡ ಎಂದು ಕರೆಯುವ ಮೀನನ್ನು ದೊಡ್ಡ ಹೋಟೆಲುಗಳವರು ಸೀ ಬಾಸ್ ಎಂದು ಬರೆಯುತ್ತಾರೆ. ಅದೇ ಬೇರೆ, ಇದೇ ಬೇರೆ. ಬಾಸ್ ಓಡಿ ಓಡಿ ಬೇಟೆಯಾಡುವ ಮೀನಲ್ಲ. ಬಿದ್ದ ಮರದ ಕೆಳಗೋ, ನೀರಗಿಡಗಳ ನೆರಳಲ್ಲೋ ಹೊಂಚು ಹಾಕಿ ಕೂತಿರುತ್ತದೆ. ಎದುರಿಗೆ ಏನಾದರೂ ಹಾದರೆ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಹಸಿವಿಗೆ ಮಾತ್ರವಲ್ಲ, ಸಿಟ್ಟಿಗೂ ಕಚ್ಚುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಇದೇ ಕಾರಣಕ್ಕೆ ಅದನ್ನು ಹಿಡಿಯಲು ನಿಜವಾದ ಎರೆಯೇ ಬೇಕೆಂದಿಲ್ಲ, ಹುಸಿ ಮೀನು ಸಾಕು. ಆ ಹುಸಿ ಮೀನಿಗೆ ಲ್ಯೂರ್ ಎಂದು ಹೆಸರು. ಬಣ್ಣ ಬಳಿದ ಬೆರಳುದ್ದದ ಮೀನಿನಾಕಾರ, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮುಳ್ಳಿನ ಗಾಳ, ಗದ್ದದ ಕೆಳಗೆ ನಾಲಗೆಯಂತೆ ಒಂದು ಚಪ್ಪಟೆ ತುಂಡು. ದಾರ ಎಳೆದಾಗ ಆ ನಾಲಗೆ ನೀರನ್ನು ತಳ್ಳಿ ಲ್ಯೂರ್ ಕೆಳಕ್ಕೆ ಮುಳುಗುತ್ತದೆ, ಅತ್ತಿಂದಿತ್ತ ಅಲುಗಾಡುತ್ತದೆ. ಆ ಅಲುಗಾಟವೇ ಎಲ್ಲ.

ಇದನ್ನು ಮರದಿಂದ ಮಾಡಬೇಕೋ ಪ್ಲಾಸ್ಟಿಕ್‌ನಿಂದ ಮಾಡಬೇಕೋ ಎಂಬುದು ಅಮೆರಿಕಾದ ಗಾಳಗಾರರ ನಡುವಿನ ಮುಗಿಯದ ಜಗಳ. ನಮ್ಮಲ್ಲಿ ಕುಚ್ಚಲಕ್ಕಿ-ಬೆಳ್ತಿಗೆ ಅಕ್ಕಿಯ ವಾದವಿದ್ದಂತೆ.

ಅಟ್ಟದ ಮೇಲಿನ ಮರದ ತುಂಡುಗಳು

ಈ ಜಗಳ ನನಗೇಕೆ ಹಿಡಿಸಿತು ಎಂಬುದಕ್ಕೆ ಒಂದು ಕಾರಣವುಂಟು. ನಾನು ಹುಟ್ಟಿದ್ದು ಉಡುಪಿ ಕಡೆಯ ಕಡಲತಡಿಯಲ್ಲಿ. ತಂದೆಯವರು ರಂಪಣಿಯಲ್ಲಿ ಹಗ್ಗ ಎಳೆಯುತ್ತಿದ್ದವರು. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುವುದು, ಊರ ಗಂಡಸರೆಲ್ಲ ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುವುದು, ಇದು ರಂಪಣಿ. ಬಲೆಯ ಮೇಲಂಚು ನೀರಿನಲ್ಲಿ ತೇಲಬೇಕಲ್ಲ, ಅದಕ್ಕೆ ಹಗುರ ಮರದ ತುಂಡುಗಳನ್ನು ಸಾಲಾಗಿ ಕಟ್ಟುತ್ತಿದ್ದರು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದವು, ನೈಲಾನ್ ಬಲೆ ಬಂತು, ಪ್ಲಾಸ್ಟಿಕ್ ತೇಲುಗುಂಡು ಬಂತು. ರಂಪಣಿ ನೋಡನೋಡುತ್ತಲೇ ಮರೆಯಾಯಿತು. ನಮ್ಮ ಮನೆಯ ಅಟ್ಟದಲ್ಲಿ ಆ ಮರದ ತುಂಡುಗಳು ಬಹಳ ವರ್ಷ ಇದ್ದವು. ನಾವು ಮಕ್ಕಳು ಅದನ್ನು ಮಳೆನೀರಿನಲ್ಲಿ ದೋಣಿ ಮಾಡಿ ಬಿಡುತ್ತಿದ್ದೆವು. ಪ್ಲಾಸ್ಟಿಕ್ ಗುಂಡು ಬಂದದ್ದಕ್ಕೆ ತಂದೆ ಒಂದು ದಿನವೂ ಬೇಸರಿಸಿದ್ದಿಲ್ಲ. "ಅದು ನೀರು ಕುಡಿಯುವುದಿಲ್ಲ" ಎಂದಷ್ಟೇ ಹೇಳುತ್ತಿದ್ದರು. ಅವರ ಬೇಸರವೆಲ್ಲ ಬೋಟಿನ ಮೇಲೆ.

ಹಾಗಾಗಿ ಮರ ಎಂದರೆ ಒಳ್ಳೆಯದು, ಪ್ಲಾಸ್ಟಿಕ್ ಎಂದರೆ ಕೆಟ್ಟದ್ದು ಎಂದು ಕಣ್ಣು ಮುಚ್ಚಿ ಹೇಳುವವನು ನಾನಲ್ಲ.

ಮಿಶಿಗನ್‌ನ ಒಂದು ಮುಂಜಾನೆ

ಮಗಳು-ಅಳಿಯ ಇರುವುದು ಮಿಶಿಗನ್ ರಾಜ್ಯದ ಕಾಲಮಜೂ ಎಂಬ ಊರಿನಲ್ಲಿ. ಒಂದು ಕಾಲಕ್ಕೆ ಕಾಗದದ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ಅವರ ಪಕ್ಕದ ಮನೆಯ ಹಿರಿಯರು ಅಂಥದೇ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಗಲೇ ಎಪ್ಪತ್ತೈದು ದಾಟಿತ್ತು. ನಾನು ಕಡಲತಡಿಯವನೆಂದು ಅಳಿಯ ಹೇಳಿದ್ದೇ ತಡ, ನನ್ನನ್ನು ದೊಡ್ಡ ಮೀನುಗಾರನೆಂದೇ ತಿಳಿದು, "ಶನಿವಾರ ಬೆಳಿಗ್ಗೆ ಐದಕ್ಕೆ ತಯಾರಿರಿ" ಎಂದರು. ಊರ ಹೊಳೆಯಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿದ್ದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಅಲ್ಲಿ ಕೆರೆಗೆ ಸುಮ್ಮನೆ ಗಾಳ ಇಳಿಸುವಂತಿಲ್ಲ. ಲೈಸೆನ್ಸ್ ಬೇಕು. ಒಂದು ದಿನದ ಚೀಟಿಗೆ ಹತ್ತು ಡಾಲರ್. ಹಿಡಿದ ಬಾಸ್ ಹದಿನಾಲ್ಕು ಇಂಚಿಗಿಂತ ಕಡಿಮೆಯಿದ್ದರೆ ಮನೆಗೆ ಒಯ್ಯುವಂತಿಲ್ಲ, ಅಲ್ಲೇ ನೀರಿಗೆ ಬಿಡಬೇಕು. ಅದಕ್ಕೆಂದೇ ದೋಣಿಯ ಅಂಚಿಗೆ ಅಳತೆಪಟ್ಟಿ ಅಂಟಿಸಿದ್ದರು. ಲೆಕ್ಕಪತ್ರದ ಮನುಷ್ಯನಾದ ನನಗೆ ಇದು ಮೆಚ್ಚುಗೆಯಾಯಿತು.

ಹಿರಿಯರ ಬಳಿ ಎರಡು ಪೆಟ್ಟಿಗೆ. ಒಂದು ದೊಡ್ಡದು, ಅದರ ತುಂಬ ಪ್ಲಾಸ್ಟಿಕ್ ಲ್ಯೂರ್‌ಗಳು, ಅಂಗಡಿಯವು. ಇನ್ನೊಂದು ಸಣ್ಣ ತಗಡಿನ ಡಬ್ಬಿ. ಅದರೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಏಳೇ ಏಳು ಮರದ ಲ್ಯೂರ್‌ಗಳು. ಹಿಮ ಬೀಳುವ ತಿಂಗಳುಗಳಲ್ಲಿ ಗ್ಯಾರೇಜಿನಲ್ಲಿ ಕೂತು ಬಾಲ್ಸಾ ಮರದಿಂದ ಅವರೇ ಕೆತ್ತಿದ್ದವು. ಮೂರು ವರ್ಷದಿಂದ ಕೈ ನಡುಗುವ ಕಾಯಿಲೆ ಹತ್ತಿ ಕೆತ್ತುವುದು ನಿಂತಿತ್ತು. ಹಾಗಾಗಿ ಇನ್ನು ಎಂಟನೆಯದು ಇಲ್ಲ.

ಮೊದಲು ನನ್ನ ಕೈಗೆ ಬಂದದ್ದು ಪ್ಲಾಸ್ಟಿಕ್‌ನದು. ಅಲುಗಾಡಿಸಿದರೆ ಹೊಟ್ಟೆಯೊಳಗಿನ ಉಕ್ಕಿನ ಗುಂಡುಗಳು ಗೆಜ್ಜೆಯಂತೆ ಗಲಗಲ ಎನ್ನುತ್ತಿದ್ದವು. ಅಲುಗಾಟ, ಸದ್ದು ಎರಡೂ ನೀರಿನಲ್ಲಿ ಅಲೆಯಾಗಿ ಹೋಗಿ ಬಾಸ್‌ನ ಪಕ್ಕೆಯ ಗೆರೆಗೆ ತಾಗುತ್ತವಂತೆ. ಕಣ್ಣಿಗೆ ಕಾಣದಿದ್ದರೂ ಆ ಗೆರೆಯಿಂದ ಅದು ಬೇಟೆಯ ಇರವನ್ನು ತಿಳಿಯುತ್ತದೆ. ಲ್ಯೂರ್ ಎಸೆಯುವುದನ್ನು ಹೇಳಿಕೊಟ್ಟರು. ಎರಡು ಸಲ ಚೆನ್ನಾಗಿ ಹೋಯಿತು. ಮೂರನೆಯ ಸಲ ನೀರಿನಲ್ಲಿ ಬಿದ್ದ ಮರದ ಕೊಂಬೆಗೆ ಸಿಕ್ಕಿಕೊಂಡಿತು. ನಾನು ನಮ್ಮೂರಿನ ಅಭ್ಯಾಸದಂತೆ ಜಗ್ಗಿ ಎಳೆದೆ. ದಾರ ಪಟ್ಟೆಂದು ತುಂಡಾಯಿತು. "ಬೆಲೆ ಎಷ್ಟು?" ಎಂದು ಕೇಳಿದೆ. ಆರು ಡಾಲರ್. ಅಂದಿನ ಲೆಕ್ಕದಲ್ಲಿ ನಾನೂರ ಇಪ್ಪತ್ತು ರೂಪಾಯಿ! ನನ್ನ ಹೊಟ್ಟೆ ಚುರ್ ಎಂದಿತು. ಅವರು ನಗುತ್ತ ಪೆಟ್ಟಿಗೆಯಿಂದ ಅದೇ ಬಣ್ಣದ, ಅದೇ ಅಳತೆಯ, ಅದೇ ಗಲಗಲದ ಇನ್ನೊಂದನ್ನು ತೆಗೆದು, "ತಗೊಳ್ಳಿ, ಕಳೆದುಹೋದದ್ದು ವಾಪಸ್ ಬಂತು" ಎಂದರು.

ಪ್ಲಾಸ್ಟಿಕ್‌ನ ದೊಡ್ಡ ಗುಣ ಈ ಒಂದು ಮಾತಿನಲ್ಲಿ ಇದೆ. ಅಚ್ಚಿನಿಂದ ಬಂದ ಲಕ್ಷ ಲ್ಯೂರ್‌ಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸವಿಲ್ಲ. ಕಳೆದರೆ ದುಃಖವಿಲ್ಲ. ಇದನ್ನು ಸಣ್ಣ ಗುಣ ಎನ್ನಬೇಡಿ. ಬಾಸ್ ಇರುವುದೇ ಬಿದ್ದ ಮರದ ಸಂದಿಯಲ್ಲಿ. ಕಳೆದುಕೊಳ್ಳಲು ಹೆದರುವ ಲ್ಯೂರ್‌ನ್ನು ಅಲ್ಲಿಗೆ ಎಸೆಯಲು ಕೈ ಬರುವುದಿಲ್ಲ. ತೆರೆದ ನೀರಿಗೆ ಎಸೆದುಕೊಂಡು ಕೂತರೆ ಗಾಳ ಭದ್ರ, ಬುಟ್ಟಿ ಖಾಲಿ.

ಆಮೇಲೆ ಅವರು ತಗಡಿನ ಡಬ್ಬಿ ತೆಗೆದರು. ನಾನು ಬೇಡವೆಂದೆ. ಏಳರಲ್ಲಿ ಒಂದನ್ನು ನನ್ನಂಥ ಕಲಿಕೆಯವನ ಕೈಗೆ ಕೊಡುವುದೆಂದರೇನು! ಅವರು ಕೇಳಲಿಲ್ಲ. ತಾವೇ ದಾರಕ್ಕೆ ಕಟ್ಟಿ, ಅದೇ ಬಿದ್ದ ಮರದ ಕಡೆಗೆ ಬೆರಳು ತೋರಿಸಿದರು. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇಲ್ಲ, ಅಷ್ಟು ಹಗುರ. ಗಾಳಿಗೆ ಎದುರಾಗಿ ಎಸೆದದ್ದು ಅರ್ಧ ದೂರವೂ ಹೋಗದೆ ಬಿತ್ತು. ಮತ್ತೊಮ್ಮೆ ಎಸೆದೆ. ಈ ಸಲ ಮರದ ಬುಡಕ್ಕೇ ಹೋಯಿತು. ಎರಡು ಸುತ್ತು ಎಳೆಯುವಷ್ಟರಲ್ಲಿ ಠಕ್ ಎಂದು ಕೊಂಬೆಗೆ ತಗುಲಿ ನಿಂತಿತು. ನನ್ನ ಎದೆ ಧಸಕ್ಕೆಂದಿತು.

"ಎಳೆಯಬೇಡಿ, ದಾರ ಸಡಿಲ ಬಿಡಿ" ಎಂದರು ಹಿರಿಯರು.

ಬಿಟ್ಟೆ. ದಾರ ನೀರಿನ ಮೇಲೆ ಜೋತು ಬಿತ್ತು. ಎರಡು, ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಕೊಂಬೆಯ ಪಕ್ಕದಲ್ಲಿ ಲ್ಯೂರ್ ತಾನಾಗಿ ಹಿಂದಕ್ಕೆ ಸರಿದು ಗುಳ್ಳೆಯಂತೆ ಮೇಲೆ ಬಂತು.

ಮೇಲೆ ಬಂದದ್ದು ಹೇಗೆ?

ಮನೆಗೆ ಬಂದ ಮೇಲೆ ಇದರ ಲೆಕ್ಕ ಹಾಕಿದೆ. ಒಂದು ಘನಮೀಟರ್ ನೀರಿನ ತೂಕ 1,000 ಕಿಲೋ. ಅಷ್ಟೇ ಗಾತ್ರದ ಒಣಗಿದ ಸಾಗುವಾನಿ ಸುಮಾರು 650 ಕಿಲೋ. ಅಮೆರಿಕಾದ ಹಳೆಯ ಲ್ಯೂರ್‌ಗಳಿಗೆ ಬಳಸುತ್ತಿದ್ದ ಬಿಳಿ ಸೀಡರ್ ಮರ 350ರ ಆಸುಪಾಸು. ಈಕ್ವೆಡಾರ್ ದೇಶದಿಂದ ಬರುವ ಬಾಲ್ಸಾ ಸುಮಾರು 160 ಅಷ್ಟೆ! ಪ್ಲಾಸ್ಟಿಕ್ ಲ್ಯೂರ್ ಮಾಡುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ 1,050 ಕಿಲೋ, ಅಂದರೆ ನೀರಿಗಿಂತ ಭಾರ, ತುಂಡನ್ನು ಹಾಗೇ ಹಾಕಿದರೆ ಮುಳುಗುತ್ತದೆ. ಆದ್ದರಿಂದ ಅದನ್ನು ಎರಡು ಹೋಳುಗಳಾಗಿ ಅಚ್ಚು ಹಾಕಿ, ಒಳಗೆ ಟೊಳ್ಳು ಬಿಟ್ಟು ಬೆಸೆಯುತ್ತಾರೆ. ತೇಲುವುದು ಒಳಗಿನ ಗಾಳಿಯ ಬಲದಿಂದ. ಬಾಲ್ಸಾ ತೇಲುವುದು ತನ್ನ ಮೈಯ ಹಗುರದಿಂದ.

ಈ ಒಂದು ವ್ಯತ್ಯಾಸದಿಂದ ಉಳಿದದ್ದೆಲ್ಲ ಬರುತ್ತದೆ. ಹಗುರ ಮೈಯ ಬಾಲ್ಸಾ ಮೆಲ್ಲಗೆ ಎಳೆದರೂ ಕೂಡಲೇ ಅಲುಗಾಡಲು ಶುರು ಮಾಡುತ್ತದೆ, ನಿಲ್ಲಿಸಿದರೆ ಥಟ್ಟನೆ ಮೇಲೇಳುತ್ತದೆ, ಕೊಂಬೆಗೆ ತಾಗಿದರೆ ಚಿಮ್ಮಿ ಪಕ್ಕಕ್ಕೆ ಸರಿಯುತ್ತದೆ. ನೀರು ತಣ್ಣಗಿದ್ದು ಮೀನು ಜಡವಾಗಿರುವ ದಿನಗಳಲ್ಲಿ ಈ ಮೆಲುನಡೆಗೆ ಬೆಲೆ. ಪ್ಲಾಸ್ಟಿಕ್‌ಗೆ ತೂಕವಿರುವುದರಿಂದ ದೂರ ಹೋಗುತ್ತದೆ. ಎಸೆಯುವಾಗ ಒಳಗಿನ ಗುಂಡು ಬಾಲದ ಕಡೆಗೆ ಉರುಳಿ ಇನ್ನಷ್ಟು ದೂರಕ್ಕೆ ಒಯ್ಯುವ ಉಪಾಯವನ್ನೂ ಕೆಲವದರಲ್ಲಿ ಮಾಡಿದ್ದಾರೆ. ರಾಡಿ ನೀರಿನಲ್ಲಿ ಅದರ ಗಲಗಲ ಸದ್ದು ಕೆಲಸಕ್ಕೆ ಬರುತ್ತದೆ. ಬಂಡೆಗೆ ಬಡಿದರೂ ಸುಲಭಕ್ಕೆ ಒಡೆಯದು. ಬಾಲ್ಸಾ ಹಾಗಲ್ಲ. ಬಂಡೆಗೆ ಬಡಿದರೆ ತಲೆ ಒಡೆಯಿತೆಂದೇ ಲೆಕ್ಕ. ಮೀನಿನ ಹಲ್ಲು ತಾಗಿ ಬಣ್ಣ ಕಿತ್ತರೆ ನೀರು ಕುಡಿದು ಉಬ್ಬುತ್ತದೆ. ನನ್ನ ತಂದೆ ಹೇಳುತ್ತಿದ್ದುದು ಅದನ್ನೇ.

ಮರದ ಇನ್ನೊಂದು ಗುಣ, ಒಂದರಂತೆ ಇನ್ನೊಂದು ಇರದಿರುವುದು. ಎಳೆಗಳು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದೇ ಅಳತೆಗೆ ಕೆತ್ತಿದ ಎರಡರಲ್ಲಿ ಒಂದು ಮೀನಿನಂತೆ ಈಜುತ್ತದೆ, ಇನ್ನೊಂದು ಕುಡಿದವನಂತೆ ಪಕ್ಕಕ್ಕೆ ವಾಲುತ್ತದೆ. ಆಗ ಮೂಗಿನ ತಂತಿಯನ್ನು ಇಕ್ಕಳದಿಂದ ಒಂದು ಕೂದಲೆಳೆಯಷ್ಟು ಬಗ್ಗಿಸಿ ಸರಿಪಡಿಸಬೇಕು. ಹಿರಿಯರು ತಮ್ಮ ಏಳನ್ನೂ ಒಂದೊಂದರ ಚಾಳಿ ಹೇಳಿ ಪರಿಚಯಿಸಿದರು: ಇದು ಎಡಕ್ಕೆ ಓಡುತ್ತದೆ, ಇದು ಬೆಳಗ್ಗೆ ಮಾತ್ರ ಕೆಲಸ ಮಾಡುತ್ತದೆ, ಇದು ಸೋಮಾರಿ. ಕೇಳುತ್ತ ಕೇಳುತ್ತ ನಮ್ಮ ಶಾಖೆಯ ಹಳೆಯ ಲೆಡ್ಜರುಗಳು ನೆನಪಾದವು. ಯಾವ ಪುಟ ಯಾರ ಕೈಬರಹವೆಂದು ದೂರದಿಂದಲೇ ಹೇಳಬಹುದಿತ್ತು. ಅದರಲ್ಲಿ ತಪ್ಪುಗಳೂ ಇದ್ದವು, ರಾತ್ರಿ ಒಂಬತ್ತರವರೆಗೆ ಕೂತು ಮೂರು ರೂಪಾಯಿ ವ್ಯತ್ಯಾಸ ಹುಡುಕಿದ್ದೂ ಉಂಟು. ಕಂಪ್ಯೂಟರ್ ಬಂದಾಗ ಮನೆಗೆ ಬೇಗ ಹೋಗುವಂತಾಯಿತು ಎಂದು ಹೆಚ್ಚು ಸಂತೋಷಪಟ್ಟವನು ನಾನೇ.

ಜೇನು ಸಾಕುವವನ ಕಡ್ಡಿ

ಕಾಲಮಜೂದಿಂದ ಕಾರಿನಲ್ಲಿ ಒಂದು ತಾಸಿನೊಳಗೆ ಡೊವಾಜಿಯಾಕ್ ಎಂಬ ಸಣ್ಣ ಊರು. ಹಿರಿಯರು ನಮ್ಮನ್ನು ಒಂದು ಭಾನುವಾರ ಅಲ್ಲಿಗೂ ಕರೆದುಕೊಂಡು ಹೋದರು. ಮರದ ಲ್ಯೂರ್‌ಗೆ ಅಮೆರಿಕಾದಲ್ಲಿ ಅದು ತವರೂರಿದ್ದಂತೆ. ಅಲ್ಲಿದ್ದವರು ಜೇಮ್ಸ್ ಹೆಡ್ಡನ್. ಕಸುಬು ಜೇನು ಸಾಕಣೆ, ಹೊಸ ಮಾದರಿಯ ಜೇನುಪೆಟ್ಟಿಗೆಗೆ 1885ರಲ್ಲಿ ಪೇಟೆಂಟ್ ಪಡೆದವರು. 1890ರ ದಶಕದಲ್ಲಿ ಒಂದು ದಿನ ಊರಿನ ಗಿರಣಿ ಕೆರೆಯ ದಂಡೆಯಲ್ಲಿ ಗೆಳೆಯನಿಗಾಗಿ ಕಾಯುತ್ತ ಚಾಕುವಿನಿಂದ ಕಡ್ಡಿ ಕೆತ್ತುತ್ತಿದ್ದರಂತೆ. ಬೇಸರವಾಗಿ ಕಡ್ಡಿಯನ್ನು ನೀರಿಗೆ ಎಸೆದರೆ ಒಂದು ಬಾಸ್ ನುಗ್ಗಿ ಬಂದು ಅದನ್ನು ಹೊಡೆಯಿತಂತೆ. ಈ ಕಥೆ ಎಷ್ಟು ನಿಜವೋ, ಕಂಪೆನಿಯವರು ಎಷ್ಟು ಬೆಳೆಸಿದರೋ, ಅಂತೂ ಅವರು ಮರದ ಕಪ್ಪೆಗಳನ್ನು ಕೆತ್ತಿ ಗಾಳ ಸಿಕ್ಕಿಸಿದ್ದು ನಿಜ. 1900ರ ನಂತರದ ಮೊದಲ ವರ್ಷಗಳಲ್ಲಿಯೇ ಮಕ್ಕಳೊಡನೆ ಕಂಪೆನಿ ಕಟ್ಟಿದ್ದೂ ನಿಜ. ಆಗಿನ ಆ ಕಪ್ಪೆಗಳಲ್ಲಿ ಉಳಿದಿರುವವು ಕೆಲವೇ ಕೆಲವು. ಸಂಗ್ರಾಹಕರು ಸಾವಿರಾರು ಡಾಲರ್ ಕೊಟ್ಟು ಕೊಳ್ಳುತ್ತಾರೆ.

ಹಳೆಯ ಕಾರ್ಖಾನೆಯ ಕಟ್ಟಡದಲ್ಲಿಯೇ ಇದ್ದ ಮ್ಯೂಸಿಯಂನಲ್ಲಿ ಗಾಜಿನ ಕಣ್ಣಿನ ಮರದ ಮೀನುಗಳನ್ನು ಸಾಲು ಸಾಲಾಗಿ ನೋಡಿದೆ. ಹತ್ತಿರದ ಇಂಡಿಯಾನಾ ರಾಜ್ಯದ ಕ್ರೀಕ್ ಚಬ್ ಕಂಪೆನಿಯದೂ ಆ ಕಾಲದಲ್ಲಿ ದೊಡ್ಡ ಹೆಸರು. ಬಲೆಯ ತುಂಡನ್ನು ಮೇಲಿಟ್ಟು ಬಣ್ಣ ಸಿಂಪಡಿಸಿ ಮೀನಿನ ಪೊರೆಯ ಗುರುತು ಮೂಡಿಸುತ್ತಿದ್ದರು. ನಮ್ಮ ಹೆಂಗಸರು ಅಂಗಳದಲ್ಲಿ ರಂಗೋಲಿ ಅಚ್ಚು ಒತ್ತುತ್ತಾರಲ್ಲ, ಆ ಜಾಣತನ. 1930ರ ದಶಕದಿಂದ ಹೆಡ್ಡನ್ ಕಂಪೆನಿಯೇ ಪ್ಲಾಸ್ಟಿಕ್‌ಗೆ ಕೈ ಹಾಕಿ, ಬೆಳಕು ಹಾಯುವ ಆ ಲ್ಯೂರ್‌ಗಳಿಗೆ ಸ್ಪೂಕ್, ಅಂದರೆ ಭೂತ, ಎಂದು ಹೆಸರಿಟ್ಟಿತು. ಮರದ ಜರಗೋಸಾ ಪ್ಲಾಸ್ಟಿಕ್‌ನ ಜಾರಾ ಸ್ಪೂಕ್ ಆಯಿತು. ಆ ಹೆಸರು ಬಂದ ಬಗೆಯನ್ನು ಹಿರಿಯರು ಹೇಳಿದರು. ಮನೆಮಂದಿಯೆಲ್ಲ ಓದುವ ಪುಟದಲ್ಲಿ ಅದು ಬೇಡ. ವಿಚಿತ್ರವೆಂದರೆ, ಆ ಮೊದಲ ಕಾಲದ ಪ್ಲಾಸ್ಟಿಕ್ ಲ್ಯೂರ್‌ಗಳಲ್ಲಿ ಕೆಲವು ತಾವಾಗಿಯೇ ಕೊಳೆತು ಬಿರುಕು ಬಿಟ್ಟಿವೆ. ಅದಕ್ಕಿಂತ ಹಳೆಯ ಮರದವು ಇನ್ನೂ ನೆಟ್ಟಗಿವೆ.

ಇಂದು ಹೆಡ್ಡನ್, ಕ್ರೀಕ್ ಚಬ್ ಎರಡೂ ಹೆಸರುಗಳು ಅರ್ಕಾನ್ಸಾಸ್ ರಾಜ್ಯದ ಪ್ರಾಡ್ಕೋ ಎಂಬ ಒಂದೇ ಕಂಪೆನಿಯ ಕೈಯಲ್ಲಿವೆ. ಡೊವಾಜಿಯಾಕ್‌ನ ಕಾರ್ಖಾನೆ 1980ರ ದಶಕದಲ್ಲಿಯೇ ಮುಚ್ಚಿತು.

ಒಂದೇ ಲ್ಯೂರ್, ಹತ್ತು ಕಿಲೋ ಮೀನು

ಮರದ ಪಕ್ಷದವರು ಎತ್ತುವ ದೊಡ್ಡ ಸಾಕ್ಷಿ ಜಾರ್ಜ್ ಪೆರ್ರಿ. 1932ರ ಜೂನ್ 2, ಜಾರ್ಜಿಯಾ ರಾಜ್ಯ. ಅಮೆರಿಕಾದಲ್ಲಿ ಕೆಲಸ-ಕಾಸು ಎರಡೂ ಇಲ್ಲದ ಕೆಟ್ಟ ಕಾಲ. ಇಪ್ಪತ್ತರ ಆಸುಪಾಸಿನ ಬಡ ರೈತ ಹುಡುಗ. ಮಳೆಗೆ ಹೊಲ ಒದ್ದೆಯಾಗಿ ಉಳಲಾಗದ ದಿನ, ಗೆಳೆಯನೊಬ್ಬನೊಡನೆ ಮಾಂಟ್ಗೊಮರಿ ಲೇಕ್ ಎಂಬ ಮಡುವಿಗೆ ಹೋದ. ಇಬ್ಬರ ನಡುವೆ ಇದ್ದದ್ದು ಒಂದೇ ಲ್ಯೂರ್, ಕ್ರೀಕ್ ಚಬ್ ಕಂಪೆನಿಯ ಮರದ್ದು. ಅದಕ್ಕೆ ಸಿಕ್ಕಿದ ಬಾಸ್ ತೂಗಿದ್ದು 22 ಪೌಂಡ್ 4 ಔನ್ಸ್, ಹತ್ತು ಕಿಲೋಗೂ ಮಿಕ್ಕಿ. ಒಂದು ಪತ್ರಿಕೆಯ ಸ್ಪರ್ಧೆಯಲ್ಲಿ ಅದಕ್ಕೆ 75 ಡಾಲರ್ ಬೆಲೆಯ ಸಾಮಾನು ಬಹುಮಾನ ಬಂತು. ಮೀನು ಏನಾಯಿತು? ಮನೆಯವರು ಅಡಿಗೆ ಮಾಡಿ ಉಂಡರು. ನನ್ನ ಪತ್ನಿಗೆ ಈ ಇಡೀ ಚರಿತ್ರೆಯಲ್ಲಿ ಹಿಡಿಸಿದ್ದು ಈ ಒಂದು ಭಾಗ ಮಾತ್ರ.

ಕಳೆದುಕೊಳ್ಳಲು ಹೆದರಿದರೆ ಮೀನು ಸಿಗದು ಎಂದು ಮೇಲೆ ಬರೆದೆ. ಪೆರ್ರಿಯ ಹತ್ತಿರ ಒಂದೇ ಇತ್ತು, ಆದರೂ ಎಸೆದ. ಬಹುಶಃ ಮನೆಯಲ್ಲಿ ಹಸಿದವರು ಇರುವಾಗ ಹೆದರಿಕೆಯ ಲೆಕ್ಕವೇ ಬೇರೆ.

ಆ ದಾಖಲೆಯನ್ನು ಎಪ್ಪತ್ತೇಳು ವರ್ಷ ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರು ಹಿಡಿದ ಬಾಸ್ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ನಿಯಮದಂತೆ ಎರಡು ಔನ್ಸಾದರೂ ಹೆಚ್ಚಿರಬೇಕು, ಹಾಗಾಗಿ ಸರಿಸಮ ಎಂದು ತೀರ್ಮಾನವಾಯಿತು. ಅವರು ಬಳಸಿದ್ದು ಮರವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಜೀವಂತ ಸಣ್ಣ ಮೀನು! ನಮ್ಮ ಕಾವೇರಿಯಲ್ಲಿ ದೊಡ್ಡ ದೊಡ್ಡ ಮಹಶೀರ್ ಮೀನುಗಳನ್ನು ರಾಗಿ ಮುದ್ದೆಯ ಉಂಡೆಯಿಂದ ಹಿಡಿದ ಕಾಲವಿತ್ತು. ಈ ಮಾತನ್ನು ಹಿರಿಯರಿಗೆ ಹೇಳಿದರೆ ಅವರು ನಂಬಲು ತಯಾರಿರಲಿಲ್ಲ.

ಸೋದರನ ಹೆಸರಿನ ಲ್ಯೂರ್

ಬಾಲ್ಸಾದ ಕಥೆ ಆಮೇಲಿನದು. ಫಿನ್‌ಲ್ಯಾಂಡ್‌ನ ಬಡ ಮೀನುಗಾರ ಲೌರಿ ರಪಾಲಾ 1936ರಲ್ಲಿ ತನ್ನ ಹೊಟ್ಟೆಪಾಡಿಗಾಗಿ ಬೆಂಡಿನ ಮೀನು ಕೆತ್ತಿದ. ಮಂದೆಯಲ್ಲಿ ಸ್ವಲ್ಪ ವಾಲಿ ಈಜುವ ಸಣ್ಣ ಮೀನನ್ನೇ ದೊಡ್ಡ ಮೀನು ಹಿಡಿಯುವುದನ್ನು ನೋಡಿ ಆ ವಾಲುನಡೆಯನ್ನೇ ತನ್ನ ಲ್ಯೂರ್‌ಗೆ ತಂದ. ಹೊಳಪಿಗೆ ಚಾಕೊಲೇಟ್ ಸುತ್ತಿದ ಬೇಗಡೆ, ಮೇಲಿನ ಲೇಪಕ್ಕೆ ಫೋಟೋ ನೆಗೆಟಿವ್ ಕರಗಿಸಿದ ಅಂಟು. ಮುಂದೆ ಬಾಲ್ಸಾದಲ್ಲಿ ಮಾಡತೊಡಗಿದರು. 1962ರ ಆಗಸ್ಟ್‌ನಲ್ಲಿ ಅಮೆರಿಕಾದ ಲೈಫ್ ಪತ್ರಿಕೆ ಇದರ ಬಗ್ಗೆ ಬರೆಯಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡ ಮರಿಲಿನ್ ಮನ್ರೋ ಚಿತ್ರವಿದ್ದುದರಿಂದ ಮನೆಮನೆಯಲ್ಲೂ ಅದನ್ನು ಓದಿದರು. ಬೇಡಿಕೆ ಲಕ್ಷಗಟ್ಟಲೆ ಬಂತು.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಟೆನೆಸಿ ರಾಜ್ಯದ ಫ್ರೆಡ್ ಯಂಗ್ ಕಥೆ. 1960ರ ದಶಕದ ಕೊನೆಯಲ್ಲಿ ಬೆನ್ನುನೋವಿನಿಂದ ಮನೆಯಲ್ಲಿ ಕೂರಬೇಕಾದಾಗ ಹೊತ್ತು ಕಳೆಯಲು ಬಾಲ್ಸಾದಿಂದ ಒಂದು ಡುಮ್ಮ ಲ್ಯೂರ್ ಕೆತ್ತಿದರು. ಭಾರೀ ಮೈಕಟ್ಟಿನ ತಮ್ಮ ಸೋದರ ಓಡಿಸ್‌ನ ನೆನಪಿಗೆ ಬಿಗ್ ಓ ಎಂದು ಹೆಸರಿಟ್ಟರು. ಗಾಳದ ಪಂದ್ಯಗಳವರು ಅದಕ್ಕೆ ಮುಗಿಬಿದ್ದರು. ಕೈಕೆಲಸ, ಎಷ್ಟು ಜನರಿಗೆ ಸಾಕಾದೀತು? ಇಲ್ಲದವರು ಇದ್ದವರಿಂದ ದಿನಬಾಡಿಗೆಗೆ ಒಯ್ಯುತ್ತಿದ್ದರಂತೆ! 1970ರ ದಶಕದ ಆರಂಭದಲ್ಲಿ ಕಾಟನ್ ಕಾರ್ಡೆಲ್ ಎಂಬ ಉದ್ಯಮಿ ಹಕ್ಕು ಪಡೆದು ಅದನ್ನೇ ಪ್ಲಾಸ್ಟಿಕ್‌ನಲ್ಲಿ ತಂದರು. ಮೊದಲ ವರ್ಷದಲ್ಲಿಯೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬಾಡಿಗೆಗೆ ಒಯ್ಯುತ್ತಿದ್ದವನಿಗೂ ಸ್ವಂತದ್ದೊಂದು ದೊರೆಯಿತು. ಪ್ಲಾಸ್ಟಿಕ್‌ನ್ನು ಬೈಯುವವರು ಈ ಬಾಡಿಗೆಯ ಮಾತನ್ನು ಮರೆಯಬಾರದು. ಆದರೂ ಹಳಬರು ತಮ್ಮ ಮರದ ಬಿಗ್ ಓ ಬಿಟ್ಟುಕೊಡಲಿಲ್ಲ. ಅದಕ್ಕೆ ಜೀವವಿದೆ ಎನ್ನುತ್ತಿದ್ದರು. ಜೀವ ಅಂದರೆ ಏನು, ನಾನು ಮೇಲೆ ಹೇಳಿದ 160 ಕಿಲೋದ ಲೆಕ್ಕ.

ನಾನು ಹಿಡಿದ ಬಾಸ್

ಇಷ್ಟೆಲ್ಲ ಹೇಳಿ ನನ್ನ ಮೀನು ಯಾವುದಕ್ಕೆ ಸಿಕ್ಕಿತೆಂದು ಹೇಳದಿದ್ದರೆ ಮೋಸ. ಅದು ಮೆತ್ತನೆಯ ಪ್ಲಾಸ್ಟಿಕ್ ಹುಳಕ್ಕೆ ಸಿಕ್ಕಿತು. ಓಹಾಯೋ ರಾಜ್ಯದ ನಿಕ್ ಕ್ರೀಮ್ ಮತ್ತು ಅವರ ಪತ್ನಿ 1949ರ ಹೊತ್ತಿಗೆ ಅಡಿಗೆಮನೆಯ ಒಲೆಯ ಮೇಲೆ ವಿನೈಲ್ ಕಾಯಿಸಿ, ನಿಜವಾದ ಎರೆಹುಳದಿಂದ ಅಚ್ಚು ತೆಗೆದು ಮಾಡಿದ್ದು ಇದರ ಮೂಲ. ಮರದಲ್ಲಿ ಇಂಥದ್ದು ಆಗುವಂತೆಯೇ ಇಲ್ಲ. ಕಲ್ಲಿನಂಥ ಕೈಯಿಂದ ಎಳೆದರೂ ಅದು ತಾನಾಗಿ ಬಳುಕುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ದಾರ ಬಿಗಿಯಾದಾಗ ಆದ ಸಂಭ್ರಮ ಹೇಳತೀರದು. ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿತು. ಮೇಲೆ ತಂದು ಪಟ್ಟಿಯ ಮೇಲಿಟ್ಟರೆ ಹದಿಮೂರು ಇಂಚು. ಎಷ್ಟು ಎಳೆದರೂ ಹದಿನಾಲ್ಕು ಆಗಲಿಲ್ಲ. ಹಿರಿಯರು ಕೈ ಒದ್ದೆ ಮಾಡಿಕೊಂಡು ಮುಳ್ಳು ಬಿಡಿಸಿ ನೀರಿಗೆ ಬಿಟ್ಟರು. ಮನೆಯಲ್ಲಿ ಪತ್ನಿ ಕೊತ್ತಂಬರಿ, ಮೆಣಸು, ಹುಳಿ ಅರೆದಿಟ್ಟು ಕಾಯುತ್ತಿದ್ದಳು. ಆ ಮಸಾಲೆಗೆ ಅಂಗಡಿಯ ಮೀನು ತಂದು ಹಾಕಬೇಕಾಯಿತು.

ಈ ಮೆತ್ತನೆಯ ಹುಳದಿಂದ ಒಂದು ಪಾಠವೂ ಆಯಿತು. ಹಿರಿಯರು ಕೊಟ್ಟ ಎರಡು ಹುಳಗಳನ್ನೂ ಒಂದು ಗಟ್ಟಿ ಪ್ಲಾಸ್ಟಿಕ್ ಲ್ಯೂರ್‌ನ್ನೂ ಒಟ್ಟಿಗೆ ಒಂದು ಡಬ್ಬಿಯಲ್ಲಿ ಹಾಕಿ ಗ್ಯಾರೇಜಿನಲ್ಲಿ ಇಟ್ಟಿದ್ದೆ. ವಾರ ಬಿಟ್ಟು ನೋಡಿದರೆ ಬೇಸಿಗೆಯಲ್ಲಿ ಕರಗಿದ ಬೆಲ್ಲದಂತೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಹುಳವನ್ನು ಮೆತ್ತಗಿಡಲು ಸೇರಿಸುವ ಎಣ್ಣೆಯಂಥ ದ್ರವ್ಯ ಹೊರಗೆ ಬಂದು ಗಟ್ಟಿ ಪ್ಲಾಸ್ಟಿಕ್‌ನ್ನೂ ಬಣ್ಣವನ್ನೂ ಕರಗಿಸುತ್ತದೆ. ಗಾಳಗಾರರು ಎರಡನ್ನೂ ಬೇರೆ ಬೇರೆ ಇಡುತ್ತಾರೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಡಬ್ಬಿಯಲ್ಲಿಯೇ ಹೀಗಾದರೆ ಕೆರೆಯ ತಳದಲ್ಲಿ? ಕಿತ್ತುಹೋದ ಹುಳಗಳು ಕೊಳೆಯುವುದಿಲ್ಲ, ನೀರು ಹೀರಿ ಉಬ್ಬುತ್ತವೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದೂ ಉಂಟು. 2013ರಲ್ಲಿ ಮೇನ್ ರಾಜ್ಯದ ಶಾಸನಸಭೆಯಲ್ಲಿ ಇವನ್ನು ನಿಷೇಧಿಸುವ ಮಸೂದೆಯೇ ಬಂದಿತ್ತು. ಗಾಳಗಾರರು ಗಲಾಟೆ ಮಾಡಿ ಕೊನೆಗೆ ನಿಷೇಧದ ಬದಲು ಅಧ್ಯಯನ ಎಂದಾಯಿತು. ಕಳೆದರೆ ದುಃಖವಿಲ್ಲ ಎಂಬ ಪ್ಲಾಸ್ಟಿಕ್‌ನ ಗುಣವನ್ನು ನಾನು ಹೊಗಳಿದೆನಲ್ಲ, ಅದರ ಖರ್ಚು ಬರೆಯುವ ಕಾಲಮ್ಮು ಇದು. ಆರು ಡಾಲರಿನ ನನ್ನ ಲ್ಯೂರ್ ಆ ಬಿದ್ದ ಮರದಲ್ಲಿ ಇಂದಿಗೂ ಇರುತ್ತದೆ, ಬಹುಶಃ ನಾನು ಹೋದ ಮೇಲೂ.

ಹೊರಡುವ ಹಿಂದಿನ ದಿನ ಹಿರಿಯರು ತಗಡಿನ ಡಬ್ಬಿಯಿಂದ ಒಂದನ್ನು ತೆಗೆದು ಕೊಟ್ಟರು. ಕೊಂಬೆಯಿಂದ ತಾನಾಗಿ ಎದ್ದುಬಂದದ್ದು ಅದೇ. ಮುಳ್ಳುಗಳನ್ನು ಕಳಚಿ ತಂದೆ. ಕಳೆದ ವರ್ಷ ಅವರು ತೀರಿಕೊಂಡರೆಂದು ಮಗಳು ಫೋನಿನಲ್ಲಿ ತಿಳಿಸಿದಳು. ಉಳಿದ ಆರನ್ನು ಅವರ ಮಗ ಬಂದು ಒಯ್ದನಂತೆ.

ಸಂಘದ ಸಭೆಯಲ್ಲಿ ನಾನು ಇಷ್ಟನ್ನು ಹೇಳಿ ಮುಗಿಸಿದಾಗ, ಸಸೂನ್ ಡಾಕ್‌ನಲ್ಲಿ ಬಹುಕಾಲ ಬೋಟಿನ ತಾಂಡೇಲರಾಗಿದ್ದ ಹಿರಿಯ ಸದಸ್ಯರೊಬ್ಬರು ಎದ್ದು ಹೋಗಿ ಅಡಿಗೆಯವರಿಂದ ಒಂದು ಬಕೆಟ್ ನೀರು ತರಿಸಿದರು. ಎರಡನ್ನೂ ಎರಡು ಕೈಯಲ್ಲಿ ತಳದವರೆಗೆ ಅದುಮಿ ಹಿಡಿದು ಒಟ್ಟಿಗೆ ಬಿಟ್ಟರು. ಮರದ್ದು ಟಣ್ಣನೆ ಹಾರಿ ಬಂತು, ಪ್ಲಾಸ್ಟಿಕ್‌ನದು ಹಿಂದಿನಿಂದ ನಿಧಾನವಾಗಿ. ಮೂರು ಸಲ ಹಾಗೆಯೇ ಮಾಡಿದರು. ಪ್ಲಾಸ್ಟಿಕ್‌ನದನ್ನು ತೋರಿಸಿ, "ಇದಕ್ಕೆ ಎಷ್ಟು ಬೀಳುತ್ತದೆ?" ಎಂದು ಕೇಳಿದರು. ಹೇಳಿದೆ. ಮರದ್ದನ್ನು ಎತ್ತಿ ಉಗುರಿನಿಂದ ಒತ್ತಿ ನೋಡಿ, "ಇದು ಯಾವ ಮರ ಮಾರಾಯ್ರೆ?" ಎಂದರು. ಅದನ್ನೂ ಹೇಳಿದೆ.

"ನಮ್ಮ ರಂಪಣಿಗೆ ಇಂಥ ಮರ ಸಿಕ್ಕಿರಲಿಲ್ಲ" ಎನ್ನುತ್ತ ಅದನ್ನು ಪಂಚೆಯ ತುದಿಯಿಂದ ಒರೆಸಿ, ಒದ್ದೆ ಪೂರ್ತಿ ಹೋಯಿತೇ ಎಂದು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು.